ನಿಂಬೆಯ ಪೂರ್ವೋತ್ತರ

ಕನ್ನಡ ನಾಡಿನಲ್ಲಿ ನಿಂಬೆಯ ಹಣ್ಣು ಹೊಗದ ಮನೆಯಿಲ್ಲ. ದೇವಿಯ ಕೊರಳಿನ ಮಾಲೆಗೆ, ಹಿರಿಯರನ್ನು ಕಾಣಹೋಗುವಾಗ ಕೈಯಲ್ಲಿ ಹಿಡಿಯುವ ಕಾಣಿಕೆಗೆ, ಶ್ರೀರಾಮನವಮಿಯ ಪಾನಕಕ್ಕೆ, ಚಿತ್ರಾನ್ನಕ್ಕೆ, ವರ್ಷಗಟ್ಟಳೆ ಭರಣಿಯಲ್ಲಿ ನಿಲ್ಲುವ ಉಪ್ಪಿನಕಾಯಿಗೆ, ಪಿತ್ತದ ಉಪಶಮನಕ್ಕೆ, ಎಲ್ಲಕ್ಕೂ ಅದು ಬೇಕು. ಇಷ್ಟು ಸುಲಭವಾಗಿ ದೊರೆಯುವ ವಸ್ತುವಿನ ಚರಿತ್ರೆಯನ್ನು ವಿಚಾರಿಸುವವರು ವಿರಳ. ಆದರೆ ಈ ಸಣ್ಣ ಹಣ್ಣಿನ ಹಿಂದೆ ಖಂಡಖಂಡಾಂತರಗಳ ಪ್ರವಾಸವೂ, ರಾಜ್ಯಗಳ ವ್ಯಾಪಾರವೂ, ಸಹಸ್ರಾರು ನಾವಿಕರ ಸಾವುಬದುಕೂ ಅಡಗಿರುವುವು. ಇದಕ್ಕೂ ಇದರ ದಾಯಾದಿಯಾದ ಪಾಶ್ಚಾತ್ಯರ ಲೆಮನ್ನಿಗೂ ಇರುವ ಭೇದವನ್ನು ಅರಿಯದೆ ಹೋದುದರಿಂದ ಒಂದು ಪ್ರಬಲ ರಾಷ್ಟ್ರದ ನೌಕಾದಳವು, ತಾನು ಗೆದ್ದಿದ್ದ ವ್ಯಾಧಿಗೆ ಮತ್ತೆ ತುತ್ತಾದ ಪ್ರಸಂಗವೂ ಉಂಟು.

ಮೊದಲು ಹೆಸರಿನ ಮಾತು. ತೆಂಕಣ ಸೀಮೆಯ ಕನ್ನಡಿಗರು ಇದನ್ನು ನಿಂಬೆಯೆನ್ನುವರು. ಬಡಗಣ ಸೀಮೆಯವರು ಲಿಂಬೆಯೆನ್ನುವರು. ನಕಾರ ಲಕಾರಗಳ ಈ ಪಲ್ಲಟವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಸಂಸ್ಕೃತದಲ್ಲಿ ನಿಂಬೂಕವೆಂದೂ ಹಿಂದಿಯಲ್ಲಿ ನೀಂಬೂ ಎಂದೂ ಕರೆಯಿಸಿಕೊಂಡ ಶಬ್ದವೇ ಪಾರಸಿಕರ ನಾಲಗೆಯ ಮೇಲೆ ಲೀಮೂ ಆಯಿತೆಂದು ಶಬ್ದಶಾಸ್ತ್ರಜ್ಞರು ಅಭಿಪ್ರಾಯಪಡುವರು. ಅರಬ್ಬರು ಅದನ್ನು ಲೈಮೂನ್ ಎಂದರು. ಇಟಲಿಯವರು ಲಿಮೋನೆ ಎಂದರು. ಆಂಗ್ಲೇಯರಲ್ಲಿ ಲೆಮನ್ ಎಂದಾಯಿತು. ಆಂಗ್ಲೇಯರ ಲೈಮ್ ಎಂಬ ಇನ್ನೊಂದು ಶಬ್ದದ ಬೇರೂ ಇದೇ ಅರಬ್ಬೀ ಪಾರಸಿಕ ನೆಲದಲ್ಲಿಯೇ ಇರುವುದು.

ಹೆಸರುಗಳು ಒಂದೇ ಬೇರಿನಿಂದ ಹೊರಟಿದ್ದರೂ ಹಣ್ಣುಗಳು ಎರಡು. ಕನ್ನಡಿಗರ ಮನೆಯಲ್ಲಿ ನಿತ್ಯವೂ ಕಾಣುವ ದುಂಡನೆಯ, ತೆಳುಸಿಪ್ಪೆಯ, ತೀಕ್ಷ್ಣ ಹುಳಿಯ ಹಣ್ಣು ಆಂಗ್ಲೇಯರ ಭಾಷೆಯಲ್ಲಿ ಲೈಮ್. ಅವರು ಲೆಮನ್ ಎನ್ನುವುದಾದರೋ ನೀಳವಾದ, ತುದಿಯಲ್ಲಿ ಮೊಲೆಯಂತೆ ಚೂಪಾದ, ದಪ್ಪಸಿಪ್ಪೆಯ, ಪರಿಮಳ ಮಿಗಿಲಾದ ಬೇರೊಂದು ಹಣ್ಣು. ಶಾಲೆಯ ಪುಸ್ತಕಗಳಲ್ಲಿಯೂ ನಿಘಂಟುಗಳಲ್ಲಿಯೂ ಎರಡಕ್ಕೂ ನಿಂಬೆಯೆಂಬ ಒಂದೇ ಹೆಸರು ಸಂದಿರುವುದರಿಂದ ಈ ಭೇದವು ಸಾಮಾನ್ಯವಾಗಿ ಮರೆತುಹೋಗುವುದು. ಈ ಲೇಖನದಲ್ಲಿ ಮೊದಲನೆಯದಕ್ಕೆ ನಿಂಬೆಯೆಂದೂ ಎರಡನೆಯದಕ್ಕೆ ಲೆಮನ್ ಎಂದೂ ಹೆಸರಿಟ್ಟುಕೊಂಡು ಮುಂದುವರಿಯುವುದು ಯುಕ್ತ.

ಈ ಎರಡು ಹಣ್ಣುಗಳ ವಂಶವೃತ್ತಾಂತವನ್ನು ಇತ್ತೀಚಿನ ಜೀವಶಾಸ್ತ್ರವು ಬೆಳಕಿಗೆ ತಂದಿದೆ. ೨೦೧೮ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯ ಪ್ರಕಾರ ಕಿತ್ತಳೆ, ಮಾದಲ, ಚಕ್ಕೋತಗಳ ಕುಲವೆಲ್ಲವೂ ಸುಮಾರು ೮೦ ಲಕ್ಷ ವರ್ಷಗಳ ಹಿಂದೆ ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಎಂದರೆ ಅಸ್ಸಾಮ, ಬರ್ಮಾ, ಚೀನದ ಯುನ್ನಾನ್ ಇವು ಕೂಡುವ ಪ್ರದೇಶದಲ್ಲಿ ಕವಲೊಡೆಯಿತು. ಇವುಗಳಲ್ಲಿ ಮೂಲಪುರುಷರೆನ್ನಬಹುದಾದವು ಮಾದಲ, ಚಕ್ಕೋತ, ಸಣ್ಣ ಜಾತಿಯ ಕಿತ್ತಳೆ ಮೊದಲಾದ ಕೆಲವೇ ಕೆಲವು. ಉಳಿದವೆಲ್ಲ ಇವುಗಳ ಸಾಂಕರ್ಯದಿಂದ ಹುಟ್ಟಿದುವು. ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಹುಳಿಕಿತ್ತಳೆಯ ಹೂವಿನ ಮೇಲೆ ಮಾದಲದ ಪರಾಗವು ಬಿದ್ದು ಲೆಮನ್ ಜನಿಸಿತು. ಫಿಲಿಪೈನ್ಸ್ ದ್ವೀಪಗಳ ಕಡೆಯ ಒಂದು ಕಾಡುಜಾತಿಯ ಹೂವಿನ ಮೇಲೆ ಅದೇ ಮಾದಲದ ಪರಾಗವು ಬಿದ್ದು ನಿಂಬೆಯು ಜನಿಸಿತು. ಹೀಗೆ ಲೆಮನ್ನೂ ನಿಂಬೆಯೂ ಒಬ್ಬನೇ ತಂದೆಯ ಮಕ್ಕಳು. ತಾಯಂದಿರು ಮಾತ್ರ ಬೇರೆ. ರೂಪದಲ್ಲಿ ಹೋಲಿಕೆಯಿದ್ದು ಗುಣದಲ್ಲಿ ಅಂತರವಿರುವುದಕ್ಕೆ ಇದೇ ಕಾರಣ.

ಆ ತಂದೆಯಾದ ಮಾದಲಕ್ಕೆ ಭಾರತದಲ್ಲಿ ಪುರಾತನವಾದ ಗೌರವವುಂಟು. ಚರಕ ಸುಶ್ರುತರ ಗ್ರಂಥಗಳಲ್ಲಿ ಮಾತುಲುಂಗವು ಔಷಧವಾಗಿ ಬರುವುದು. ಬೀಜಗಳಿಂದ ತುಂಬಿರುವ ಕಾರಣ ಅದಕ್ಕೆ ಬೀಜಪೂರವೆಂದೂ ಹೆಸರು. ಸೃಷ್ಟಿಯ ಬೀಜವನ್ನೂ ಸಮೃದ್ಧಿಯನ್ನೂ ಸೂಚಿಸುವ ಕುರುಹಾಗಿ ಶಿಲ್ಪಿಗಳು ಅದನ್ನು ದೇವತೆಗಳ ಕೈಯಲ್ಲಿ ಇರಿಸಿದರು. ಕೊಲ್ಲಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದು ಮಾದಲದ ಹಣ್ಣೇ. ಲಕುಲೀಶನ ಮೂರ್ತಿಗಳಲ್ಲಿ ಒಂದು ಕೈಯಲ್ಲಿ ದಂಡವೂ ಇನ್ನೊಂದರಲ್ಲಿ ಮಾದಲವೂ ಕಂಡುಬರುವುವು. ಜೈನ ಯಕ್ಷರ ವಿಗ್ರಹಗಳಲ್ಲಿಯೂ ಅದು ಅಪರೂಪವಲ್ಲ.

ಪಶ್ಚಿಮಕ್ಕೆ ಮೊದಲು ಹೊರಟುದೂ ಮಾದಲವೇ. ಯೆರೂಸಲೇಮಿನ ಬಳಿಯ ರಾಮತ್ ರಾಹೇಲ್ ಎಂಬಲ್ಲಿ ಪಾರಸಿಕರ ಆಳ್ವಿಕೆಯ ಕಾಲದ ಅರಮನೆಯ ತೋಟದ ಗೋಡೆಯ ಗಾರೆಯಲ್ಲಿ ಅದರ ಪರಾಗವು ದೊರೆತಿರುವುದು. ಗ್ರೀಕ್ ಪಂಡಿತನಾದ ಥಿಯೋಫ್ರಾಸ್ಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ ಮೀಡಿಯಾ ದೇಶದ ಸೇಬು ಎಂಬ ಹೆಸರಿನಿಂದ ಇದನ್ನು ವರ್ಣಿಸಿ, ಹಣ್ಣು ತಿನ್ನತಕ್ಕದ್ದಲ್ಲವೆಂದೂ ಬಟ್ಟೆಗಳ ನಡುವೆ ಇಟ್ಟರೆ ನುಸಿ ಹಿಡಿಯದೆಂದೂ ಬರೆದನು. ಸಸ್ಯಶಾಸ್ತ್ರದಲ್ಲಿ ಮಾದಲಕ್ಕಿರುವ ಮೆಡಿಕಾ ಎಂಬ ವಿಶೇಷಣವು ಔಷಧಿಗೆ ಸಂಬಂಧಿಸಿದುದಲ್ಲ. ಈ ಮೀಡಿಯಾ ದೇಶದಿಂದ ಬಂದುದು. ಯೆಹೂದ್ಯರು ಇಂದಿಗೂ ತಮ್ಮ ಪರ್ಣಶಾಲೆಯ ಹಬ್ಬದಲ್ಲಿ ಮಾದಲವನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸುವರು.

ಲೆಮನ್ ಕೆಲವು ಶತಮಾನಗಳ ತರುವಾಯ ರೋಮನರ ತೋಟಗಳನ್ನು ಮುಟ್ಟಿತಾದರೂ ಅಲ್ಲಿ ಅದು ಶ್ರೀಮಂತರ ವಿನೋದದ ವಸ್ತುವಾಗಿ ಉಳಿಯಿತು. ಅದನ್ನು ಬೆಳೆಯನ್ನಾಗಿ ಮಾಡಿದವರು ಅರಬ್ಬರು. ನೀರಾವರಿಯ ವಿದ್ಯೆಯನ್ನೂ ಕಬ್ಬು, ಹುಳಿಕಿತ್ತಳೆ, ಲೆಮನ್‌ಗಳನ್ನೂ ಜೊತೆಗೂಡಿಸಿಕೊಂಡು ಅವರು ಸಿರಿಯಾ, ಈಜಿಪ್ತ, ಸಿಸಿಲಿ, ಸ್ಪೇನ್ ದೇಶಗಳಿಗೆ ಒಯ್ದರು. ೧೨ನೆಯ ಶತಮಾನದಲ್ಲಿ ಸುಲ್ತಾನ್ ಸಲಾದೀನನ ವೈದ್ಯನಾಗಿದ್ದ ಇಬ್ನ್ ಜುಮೈ ಎಂಬ ಯೆಹೂದ್ಯನು ಲೆಮನ್ನಿನ ವಿಷಯವಾಗಿಯೇ ಒಂದು ಗ್ರಂಥವನ್ನು ರಚಿಸಿದನು. ಆಗಿನ ಕೈರೋ ಪಟ್ಟಣದಲ್ಲಿ ಸಕ್ಕರೆ ಬೆರೆಸಿದ ಲೆಮನ್ ರಸವು ಸೀಸೆಗಳಲ್ಲಿ ಮಾರಾಟವಾಗುತ್ತಿದ್ದಿತು. ೧೪೯೩ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾತ್ರೆಯಲ್ಲಿ ಕ್ಯಾನರಿ ದ್ವೀಪಗಳಿಂದ ಈ ಜಾತಿಯ ಬೀಜಗಳನ್ನು ಕೊಂಡೊಯ್ದು ಅಮೇರಿಕ ಖಂಡದಲ್ಲಿ ಬಿತ್ತಿಸಿದನು.

ಭಾರತದಲ್ಲಿಯಾದರೋ ನಿಂಬೆಯು ಅರಸರಿಗೂ ಬಡವರಿಗೂ ಸಮಾನವಾಗಿ ಒದಗುತ್ತಿದ್ದಿತು. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯಸನು, ನಗರದ ಸುತ್ತಣ ತೋಟಗಳಲ್ಲಿ ಮಾವು, ಅಡಕೆ, ಹಲಸುಗಳೊಡನೆ ನಿಂಬೆ ಕಿತ್ತಳೆಗಳ ಗಿಡಗಳು ಒಂದಕ್ಕೊಂದು ಹೆಣೆದು ದಟ್ಟವಾದ ಅಡವಿಯಂತೆ ತೋರುತ್ತಿದ್ದುವೆಂದು ಬರೆದಿರುವನು.

ಅದಕ್ಕೆ ಇಪ್ಪತ್ತು ವರ್ಷಗಳ ಮುಂಚೆ ಆ ಪ್ರವಾಸಿಯ ದೇಶಬಾಂಧವರಿಗೆ ಒದಗಿದ ಗತಿಯನ್ನು ಇಲ್ಲಿ ಸ್ಮರಿಸಬೇಕು. ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲೀಕೋಟೆಯಿಂದ ಹಿಂದಿರುಗುವಾಗ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡು, ಅಕ್ಟೋಬರ್ ೫ರಂದು ಪಶ್ಚಿಮಕ್ಕೆ ಹೊರಟನು. ಗಾಳಿ ಪ್ರತಿಕೂಲವಾಯಿತು. ಅರಬ್ಬೀ ಸಮುದ್ರವನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ನಾವಿಕರ ಒಸಡುಗಳು ಹಲ್ಲುಗಳನ್ನು ಮುಚ್ಚುವಷ್ಟು ಬಾತುವು, ಕಾಲುಗಳು ಊದಿದುವು, ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಏಳಬಲ್ಲವರು ಏಳೆಂಟು ಜನ ಮಾತ್ರ ಉಳಿದರು. ೧೪೯೯ರ ಜನವರಿಯಲ್ಲಿ ಆಫ್ರಿಕದ ಮಾಲಿಂದಿಯನ್ನು ಮುಟ್ಟಿದಾಗ ರೋಗಿಗಳು ಹಂಬಲಿಸಿದುದು ಕಿತ್ತಳೆಯ ಹಣ್ಣಿಗಾಗಿ. ಹಣ್ಣು ಬಂದಿತು, ಆದರೆ ಅನೇಕರಿಗೆ ಕಾಲ ಮೀರಿದ್ದಿತು. ನಡೆಸುವವರಿಲ್ಲದೆ ಒಂದು ಹಡಗನ್ನು ಸುಟ್ಟುಬಿಡಬೇಕಾಯಿತು. ಅವರನ್ನು ಕೊಂದ ವ್ಯಾಧಿಯು ಸ್ಕರ್ವಿ. ಅದರ ಮದ್ದು ಅವರು ಬಿಟ್ಟುಬಂದ ಕರಾವಳಿಯ ಹಿತ್ತಿಲುಗಳಲ್ಲಿ ಬೆಳೆಯುತ್ತಿದ್ದಿತು.

ಈ ಜ್ಞಾನವು ಪಾಶ್ಚಾತ್ಯರಿಗೆ ಒಮ್ಮೆಗೇ ದೊರೆಯಲಿಲ್ಲ. ದೊರೆತುದೂ ಮತ್ತೆ ಮತ್ತೆ ಕಳೆದುಹೋಯಿತು. ಈಸ್ಟ್ ಇಂಡಿಯಾ ಕಂಪೆನಿಯ ಪ್ರಥಮ ಯಾತ್ರೆಯು ೧೬೦೧ರಲ್ಲಿ ನಾಲ್ಕು ಹಡಗುಗಳೊಡನೆ ಹೊರಟಿತು. ಮುಖ್ಯಸ್ಥನಾದ ಜೇಮ್ಸ್ ಲ್ಯಾಂಕಾಸ್ಟರನು ತನ್ನ ಹಡಗಿನವರಿಗೆ ಮಾತ್ರ ಪ್ರತಿದಿನವೂ ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಮೂರು ಚಮಚ ಲೆಮನ್ ರಸವನ್ನು ಕೊಡಿಸಿದನು. ಆಫ್ರಿಕದ ದಕ್ಷಿಣ ತುದಿಯನ್ನು ಸೇರುವ ಹೊತ್ತಿಗೆ ಉಳಿದ ಮೂರು ಹಡಗುಗಳಲ್ಲಿ ಹಾಯಿಯಿಳಿಸಲು ಸಹ ಶಕ್ತರಿರಲಿಲ್ಲ. ಲ್ಯಾಂಕಾಸ್ಟರನ ಜನರೇ ಹೋಗಿ ನೆರವಾಗಬೇಕಾಯಿತು. ಇಷ್ಟು ಸ್ಪಷ್ಟವಾದ ದೃಷ್ಟಾಂತವಿದ್ದರೂ ಅದು ನಿಯಮವಾಗಲಿಲ್ಲ.

ನೂರೈವತ್ತು ವರ್ಷಗಳ ಸಮೀಪ ಕಳೆದ ಮೇಲೆ, ೧೭೪೭ರ ಮೇ ತಿಂಗಳಲ್ಲಿ, ಸಾಲಿಸ್ಬರಿ ಎಂಬ ಯುದ್ಧನೌಕೆಯ ವೈದ್ಯನಾದ ಜೇಮ್ಸ್ ಲಿಂಡನು ಹನ್ನೆರಡು ಮಂದಿ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಪಂಗಡಗಳಾಗಿ ಮಾಡಿದನು. ಆಹಾರವನ್ನು ಒಂದೇ ಆಗಿ ಇರಿಸಿ, ಮದ್ದನ್ನು ಮಾತ್ರ ಬೇರೆ ಬೇರೆಯಾಗಿ ಕೊಟ್ಟನು. ಒಂದು ಪಂಗಡಕ್ಕೆ ಸೇಬಿನ ಮದ್ಯ, ಒಂದಕ್ಕೆ ಗಂಧಕಾಮ್ಲದ ಕಷಾಯ, ಒಂದಕ್ಕೆ ಹುಳಿಕಾಡಿ, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆಗಳ ಲೇಹ್ಯ, ಇನ್ನೊಂದಕ್ಕೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ಲೆಮನ್. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಆದರೆ ಹಣ್ಣು ತಿಂದ ಇಬ್ಬರಲ್ಲಿ ಒಬ್ಬನು ಅಷ್ಟರಲ್ಲಿಯೇ ಕೆಲಸಕ್ಕೆ ಎದ್ದನು. ೧೭೫೩ರಲ್ಲಿ ಲಿಂಡನು ಇದನ್ನು ಗ್ರಂಥವಾಗಿ ಪ್ರಕಟಿಸಿದನು. ದುರ್ದೈವದಿಂದ, ರಸವು ಕೆಡದಂತಿರಲು ಕಾಯಿಸಿ ಗಟ್ಟಿಮಾಡಿ ಇಡಬೇಕೆಂದು ಅವನೇ ಸಲಹೆಯಿತ್ತನು. ಕಾಯಿಸುವುದರಿಂದ ಗುಣವೇ ನಾಶವಾಗುವುದೆಂಬುದು ಆಗ ಯಾರಿಗೂ ತಿಳಿಯದು. ಕೊನೆಗೆ ೧೭೯೫ರಲ್ಲಿ, ವೈದ್ಯ ಗಿಲ್ಬರ್ಟ್ ಬ್ಲೇನನ ಪ್ರಯತ್ನದಿಂದ, ನೌಕಾದಳದಲ್ಲಿ ಲೆಮನ್ ರಸವನ್ನು ಹಂಚುವ ಆಜ್ಞೆಯಾಯಿತು. ೧೭೮೦ರಲ್ಲಿ ಸಾವಿರಕ್ಕೂ ಮಿಕ್ಕ ಸ್ಕರ್ವಿ ರೋಗಿಗಳು ಬಂದಿದ್ದ ಹಾಸ್ಲರ್ ನೌಕಾ ಆಸ್ಪತ್ರೆಯಲ್ಲಿ ಕೆಲವೇ ವರ್ಷಗಳೊಳಗೆ ಆ ವ್ಯಾಧಿಯನ್ನು ಕಾಣುವುದೇ ಅಪರೂಪವಾಯಿತು.

ಇಲ್ಲಿಂದ ಮುಂದೆ ಹೆಸರಿನ ಗೊಂದಲವು ತನ್ನ ಕೆಲಸವನ್ನು ಮಾಡಿತು. ಸಿಸಿಲಿಯ ಲೆಮನ್ನಿಗೆ ಪರದೇಶಕ್ಕೆ ಹಣ ತೆರುವುದರ ಬದಲು, ತಮ್ಮ ವಶದಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ನಿಂಬೆಯನ್ನೇ ಉಪಯೋಗಿಸಬಹುದೆಂದು ಆಂಗ್ಲೇಯರು ೧೮೬೦ರ ದಶಕದಲ್ಲಿ ನಿಶ್ಚಯಿಸಿದರು. ನಿಂಬೆಯು ಲೆಮನ್ನಿಗಿಂತ ಹೆಚ್ಚು ಹುಳಿ; ಗುಣವಿರುವುದು ಹುಳಿಯಲ್ಲಿಯೇ ಎಂದು ವೈದ್ಯರ ನಂಬಿಕೆ. ಲೆಮನ್ ಎಂಬ ಪದವನ್ನೂ ಲೈಮ್ ಎಂಬ ಪದವನ್ನೂ ದಫ್ತರಗಳಲ್ಲಿ ಭೇದವಿಲ್ಲದೆ ಬರೆಯುತ್ತಿದ್ದುದರಿಂದ ಬದಲಾವಣೆಯು ಬದಲಾವಣೆಯಾಗಿಯೇ ತೋರಲಿಲ್ಲ. ಹಬೆಯ ಹಡಗುಗಳು ಬಂದು ಯಾತ್ರೆಗಳು ಚಿಕ್ಕವಾಗಿದ್ದುದರಿಂದ ತಪ್ಪು ಬಯಲಾಗಲೂ ಇಲ್ಲ.

೧೮೭೫ರಲ್ಲಿ ಜಾರ್ಜ್ ನೇರ್ಸನ ನಾಯಕತ್ವದಲ್ಲಿ ಎರಡು ಹಡಗುಗಳು ಉತ್ತರ ಧ್ರುವದ ಶೋಧನೆಗೆ ಹೊರಟುವು. ಚಳಿಗಾಲವೆಲ್ಲ ಹಡಗಿನಲ್ಲಿ ನಿಂಬೆಯ ರಸವನ್ನು ತಪ್ಪದೆ ಕುಡಿದಿದ್ದ ನಾವಿಕರು, ೧೮೭೬ರ ವಸಂತದಲ್ಲಿ ಮಂಜಿನ ಮೇಲೆ ಜಾರುಬಂಡಿಗಳನ್ನು ಎಳೆಯಲು ತೊಡಗಿದ ಕೆಲವು ವಾರಗಳಲ್ಲಿಯೇ ಸ್ಕರ್ವಿಯಿಂದ ಕುಸಿದರು, ಕೆಲವರು ಸತ್ತರು. ವಿಚಾರಣೆ ನಡೆಸಿದವರು ಜಾರುಬಂಡಿಗಳಲ್ಲಿ ರಸವನ್ನು ಒಯ್ಯಲಿಲ್ಲವೆಂದು ದೂಷಿಸಿದರೇ ಹೊರತು, ಕುಡಿದ ರಸವೇ ನಿಸ್ಸಾರವಾಗಿದ್ದಿರಬಹುದೆಂದು ಯೋಚಿಸಲಿಲ್ಲ. ಫಲವಾಗಿ ವೈದ್ಯರಲ್ಲಿ ಹಣ್ಣಿನ ರಸದ ಮೇಲಿನ ವಿಶ್ವಾಸವೇ ತಗ್ಗಿ, ಕೆಟ್ಟ ಮಾಂಸವೇ ಸ್ಕರ್ವಿಗೆ ಕಾರಣವೆಂಬ ವಾದವು ಬಲಗೊಂಡಿತು. ಒಂದನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ರಣಭೂಮಿಯಲ್ಲಿ ಭಾರತೀಯ ಸೈನಿಕರೇ ಸಾವಿರಗಟ್ಟಳೆಯಾಗಿ ಈ ವ್ಯಾಧಿಗೆ ಗುರಿಯಾದರು.

ಸಂದೇಹವನ್ನು ಪರಿಹರಿಸಿದವರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ. ೧೯೧೮ರಲ್ಲಿ ಅವರು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ, ತಾಜಾ ನಿಂಬೆಯ ರಸಕ್ಕೆ ಲೆಮನ್ ರಸದ ಕಾಲುಭಾಗದಷ್ಟು ಮಾತ್ರ ಸ್ಕರ್ವಿಯನ್ನು ತಡೆಯುವ ಶಕ್ತಿಯಿರುವುದೆಂದೂ, ಬಹುಕಾಲ ಸೀಸೆಯಲ್ಲಿಟ್ಟ ನಿಂಬೆಯ ರಸಕ್ಕೆ ಅದು ಇಲ್ಲವೇ ಇಲ್ಲವೆನ್ನಬಹುದೆಂದೂ ತೋರಿಸಿದರು. ಗುಣವು ಹುಳಿಯಲ್ಲಿ ಅಲ್ಲ, ಬೇರೊಂದು ಸೂಕ್ಷ್ಮ ದ್ರವ್ಯದಲ್ಲಿ ಎಂಬುದು ಖಚಿತವಾಯಿತು. ಹಂಗೇರಿಯ ಸೆಂಟ್ ಗ್ಯೋರ್ಗಿಯು ಮೊದಲು ಬೇರ್ಪಡಿಸಿದ ಆ ದ್ರವ್ಯವನ್ನು ೧೯೩೨ರಲ್ಲಿ ಅಮೇರಿಕದ ಚಾರ್ಲ್ಸ್ ಕಿಂಗನು ಲೆಮನ್ ರಸದಿಂದಲೇ ತೆಗೆದನು. ಅದೇ ಇಂದಿನ ಸಿ ಜೀವಸತ್ವ.

ಇನ್ನು ಕೃಷಿಯ ವಿಚಾರ. ಲೆಮನ್ ಗಿಡವು ಅತಿ ಶೀತವನ್ನು ತಾಳದು. ಉತ್ತರ ಇಟಲಿಯ ಗಾರ್ದಾ ಸರೋವರದ ದಂಡೆಯಲ್ಲಿ ಕಲ್ಲುಕಂಬಗಳನ್ನು ನಿಲ್ಲಿಸಿ ಚಳಿಗಾಲದಲ್ಲಿ ಹಲಗೆ ಗಾಜುಗಳನ್ನು ಹೊದಿಸಿ ಅದನ್ನು ಕಾಪಾಡುತ್ತಿದ್ದರು. ಸಿಸಿಲಿಯ ಪ್ರಮುಖ ಜಾತಿಯು ಫೆಮ್ಮಿನೆಲ್ಲೋ, ಸ್ಪೇನಿನ ಪ್ರಮುಖ ಜಾತಿಗಳಲ್ಲಿ ಒಂದು ವೆರ್ನಾ. ೧೮೫೮ರಲ್ಲಿ ಲಾಸ್ ಏಂಜಲೀಸಿನಲ್ಲಿ ಬಿತ್ತಿದ ಸಿಸಿಲಿಯ ಬೀಜದಿಂದ ಹುಟ್ಟಿದ ಯುರೇಕಾ ಜಾತಿಗೆ ಮುಳ್ಳು ಕಡಿಮೆ, ಫಲವು ಹೆಚ್ಚುಕಡಿಮೆ ವರ್ಷವೆಲ್ಲ. ಪೋರ್ತುಗಲ್ ಮೂಲದ ಲಿಸ್ಬನ್ ಜಾತಿಗೆ ಮುಳ್ಳು ಹೆಚ್ಚು. ಚಳಿಗಾಳಿಗಳನ್ನು ತಡೆಯುವ ಶಕ್ತಿಯೂ ಹೆಚ್ಚು. ೧೯೦೮ರಲ್ಲಿ ಫ್ರಾಂಕ್ ಮೇಯರನು ಚೀನದಿಂದ ಅಮೇರಿಕಕ್ಕೆ ತಂದ ಹಣ್ಣು ಅವನ ಹೆಸರಿನಿಂದಲೇ ಪ್ರಸಿದ್ಧವಾದರೂ ಅದು ಶುದ್ಧ ಲೆಮನ್ ಅಲ್ಲ, ಮಿಶ್ರಜಾತಿ. ಲೆಮನ್ ರಸದಿಂದ ತೆಗೆಯುವ ಸಿಟ್ರಿಕ್ ಆಮ್ಲದ ವ್ಯಾಪಾರದಲ್ಲಿ ಇಟಲಿಯು ಬಹುಕಾಲ ಏಕಸ್ವಾಮ್ಯವನ್ನು ಅನುಭವಿಸಿತು. ೧೯೧೭ರಲ್ಲಿ ಜೇಮ್ಸ್ ಕರಿಯು ಕರಿಯ ಬೂಷ್ಟಿನಿಂದ ಸಕ್ಕರೆಯನ್ನು ಅದೇ ಆಮ್ಲವಾಗಿ ಮಾರ್ಪಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಆ ಭಾಗ್ಯವು ಕುಗ್ಗಿತು.

ಭಾರತದಲ್ಲಿ ಮುಖ್ಯವಾಗಿ ಬೆಳೆಯುವುದು ಕಾಗದದಂತೆ ತೆಳುಸಿಪ್ಪೆಯ ಕಾಗ್ಜಿ ನಿಂಬೆ. ಪ್ರಮಾಲಿನಿ, ವಿಕ್ರಮ್, ಸಾಯಿ ಶರಬತಿ, ಬಾಲಾಜಿ ಮೊದಲಾದುವು ಇದರಿಂದ ಆರಿಸಿದ ತಳಿಗಳು. ಅಸ್ಸಾಮದ ನೀಳವಾದ ಕಾಜಿ ನೇಮು, ಬಂಗಾಳದ ಸುಗಂಧದ ಗಂಧರಾಜ, ಹಿಮಾಲಯದ ತಪ್ಪಲಿನ ಗಲ್ಗಲ್ ಇವು ಬೇರೆ ಶಾಖೆಗಳು. ಕನ್ನಡ ನಾಡಿನ ಹಿತ್ತಿಲುಗಳಲ್ಲಿ ಗೊಜ್ಜು ಉಪ್ಪಿನಕಾಯಿಗಳಿಗೆಂದು ಬೆಳೆಯುವ ಹೇರಳೆ, ಕಂಚಿ, ಗಜನಿಂಬೆಗಳೂ ಇದೇ ಕುಲದವು. ನಿಂಬೆಯ ಒಂದು ಬೀಜದಿಂದ ಎರಡು ಮೂರು ಮೊಳಕೆಗಳು ಹೊರಡುವುದುಂಟು; ಅವುಗಳಲ್ಲಿ ಬಹುಪಾಲು ತಾಯಿಗಿಡದ ಅಂಶದಿಂದಲೇ ಹುಟ್ಟುವುದರಿಂದ ಬೀಜದ ಸಸಿಯೂ ತಾಯಿಯ ಗುಣವನ್ನೇ ಹೊಂದಿರುವುದು. ಆದ್ದರಿಂದಲೇ ರೈತರು ಬೀಜದಿಂದ ಸಸಿಮಾಡುವರು. ಲೆಮನ್ನಿಗಾದರೆ ಕಣ್ಣುಕಸಿಯೇ ವಾಡಿಕೆ. ನೀರು ನಿಲ್ಲದ ಭೂಮಿ, ಹಿತಮಿತವಾದ ನೀರು, ಒಳ್ಳೆಯ ಬಿಸಿಲು ಇವು ಎರಡಕ್ಕೂ ಬೇಕು. ಎಲೆ ಕಾಯಿಗಳ ಮೇಲೆ ಹುರುಕಿನಂತೆ ಏಳುವ ಕಜ್ಜಿರೋಗವೂ, ಗಿಡವನ್ನೇ ಸೊರಗಿಸುವ ಟ್ರಿಸ್ಟೆಜಾ ಎಂಬ ನಂಜುರೋಗವೂ, ಹಕ್ಕಿಯ ಹಿಕ್ಕೆಯಂತೆ ತೋರಿ ಎಳೆಯ ಎಲೆಯನ್ನು ತಿನ್ನುವ ಚಿಟ್ಟೆಯ ಹುಳುವೂ ನಿಂಬೆಗೆ ಪ್ರಬಲ ಶತ್ರುಗಳು.

ಕನ್ನಡ ನಾಡಿನಲ್ಲಿ ನಿಂಬೆಗೆ ಪ್ರಸಿದ್ಧವಾದುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಮಳೆ ಅಲ್ಪ, ಬಿಸಿಲು ಬಹಳ. ಬೇಸಗೆಯಲ್ಲಿ ಹಣ್ಣಿಗೆ ಬೆಲೆ ಏರುವುದು. ಗಿಡವಾದರೋ ತನ್ನಷ್ಟಕ್ಕೆ ಬಿಟ್ಟರೆ ಬೆಲೆಯಿಲ್ಲದ ಕಾಲದಲ್ಲಿ ಹೆಚ್ಚಾಗಿ ಫಲಿಸುವುದು. ಆದುದರಿಂದ ಹೂಬಿಡುವ ಕಾಲವನ್ನು ಅನುಸರಿಸಿ ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರವೆಂದು ಮೂರು ಫಸಲುಗಳನ್ನು ಎಣಿಸುವ ರೈತರು, ಬೇಡವಾದ ಹೂವನ್ನು ತಡೆದು ಬೇಕಾದ ಫಸಲನ್ನು ಪಡೆಯಲು ಕೆಲವು ಕಾಲ ನೀರನ್ನು ನಿಲ್ಲಿಸಿ ಗಿಡವನ್ನು ಬಾಡಗೊಟ್ಟು, ಬಳಿಕ ಗೊಬ್ಬರ ನೀರುಗಳನ್ನು ಕೊಟ್ಟು ಹೂಬಿಡಿಸುವರು. ಹಸ್ತ ನಕ್ಷತ್ರದ ಕಾಲದ ಹೂವು ಬೇಸಗೆಗೆ ಹಣ್ಣಾಗುವುದು. ಆಶ್ಚರ್ಯವೇನೆಂದರೆ, ಸಿಸಿಲಿಯ ರೈತರೂ ಬೇಸಗೆಯಲ್ಲಿ ಲೆಮನ್ ಗಿಡಕ್ಕೆ ನೀರು ನಿಲ್ಲಿಸಿ, ಬಳಿಕ ಹೇರಳವಾಗಿ ಹಾಯಿಸಿ, ಮುಂದಿನ ಬೇಸಗೆಗೆ ವೆರ್ದೆಲ್ಲಿ ಎಂಬ ಹಸುರು ಹಣ್ಣನ್ನು ಪಡೆಯುವರು. ಗಿಡವನ್ನು ಎಷ್ಟು ಬಾಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಎರಡು ಕಡೆಯೂ ಅನುಭವದ ವಿದ್ಯೆ. ಇಂಡಿಯಲ್ಲಿ ಇದರ ಅಪಾಯವೂ ಹೆಚ್ಚು. ತಾವಾಗಿಯೇ ನಿಲ್ಲಿಸಿದ ನೀರನ್ನು ಮತ್ತೆ ಕೊಡಲು ಬಾವಿಯಲ್ಲಿ ನೀರಿರಬೇಕಷ್ಟೆ. ಬರಗಾಲದ ವರ್ಷಗಳಲ್ಲಿ ಫಲದ ಆಸೆಯನ್ನು ಬಿಟ್ಟು, ಟ್ಯಾಂಕರುಗಳಲ್ಲಿ ನೀರು ತರಿಸಿ, ಗಿಡದ ಜೀವವನ್ನಾದರೂ ಉಳಿಸಿಕೊಂಡ ರೈತರು ಅಲ್ಲಿ ಅನೇಕರು.

ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದೆ. ಆ ಸೀಮೆಯಲ್ಲಿ ಬೆಳೆಯದ ಹಣ್ಣನ್ನು ಆ ಹೆಸರಿನಿಂದ ಮಾರುವುದಕ್ಕೆ ಕಾನೂನಿನ ಪ್ರತಿಬಂಧವಿರುವುದು. ಲೋಕದ ಅಂಕಿಸಂಖ್ಯೆಗಳಲ್ಲಿ ಲೆಮನ್ನನ್ನೂ ನಿಂಬೆಯನ್ನೂ ಇಂದಿಗೂ ಒಂದೇ ಸಾಲಿನಲ್ಲಿ ಕೂಡಿಸಿಯೇ ಬರೆಯುವರು. ಹಾಗೆ ಕೂಡಿಸಿದ ಲೆಕ್ಕದಲ್ಲಿ ಭಾರತವು ಅಗ್ರಸ್ಥಾನದಲ್ಲಿರುವುದು, ಮತ್ತು ಅದರ ಬಹುಪಾಲು ನಿಂಬೆಯೇ. ಪಾನಕ ಮಾಡುವ ಗೃಹಿಣಿಗೆ ಈ ಭೇದದಿಂದ ಆಗಬೇಕಾದುದೇನೂ ಇಲ್ಲ. ಆದರೆ ಒಂದು ಹೆಸರಿನ ಹಿಂದೆ ಯಾವ ವಸ್ತುವಿದೆಯೆಂದು ನೋಡದೆ ದಫ್ತರದಲ್ಲಿ ಬರೆದುಕೊಂಡುದರ ಫಲವನ್ನು ಉತ್ತರ ಧ್ರುವದ ಮಂಜಿನಲ್ಲಿ ಬಂಡಿ ಎಳೆದ ನಾವಿಕರು ಅನುಭವಿಸಿದರು. ಹೆಸರು ಒಂದೇ ಹಣ್ಣನ್ನು ಸೂಚಿಸಲಿ ಎಂದು ಇಂಡಿಯ ರೈತರು ಪಟ್ಟ ಶ್ರಮವು ಈ ಚರಿತ್ರೆಯನ್ನು ತಿಳಿದವರಿಗೆ ಸಣ್ಣದಾಗಿ ತೋರದು.